ಕುಲುಮೆಯ ತಂತಿ ಮತ್ತು ಪಠ್ಯಪುಸ್ತಕದ ಲೆಕ್ಕ

ವಿದ್ಯುಚ್ಛಕ್ತಿಯ ಬಳಕೆಯನ್ನು ಕುರಿತ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಒಂದು ಲೆಕ್ಕ ಇರುತ್ತದೆ. ಇಂತಿಷ್ಟು ಕಿಲೊವಾಟಿನ ರೋಧ ಕುಲುಮೆಯೊಂದನ್ನು ಇಂತಿಷ್ಟು ವೋಲ್ಟಿನಲ್ಲಿ ನಡೆಸಬೇಕಾಗಿದೆ. ನೈಕ್ರೋಮ್ ತಂತಿಯ ಉಷ್ಣತೆ ಇಷ್ಟನ್ನು ಮೀರಕೂಡದು. ಒಳಗಿಟ್ಟ ಸರಕಿನ ಉಷ್ಣತೆ ಇಷ್ಟು. ಹಾಗಾದರೆ ತಂತಿಯ ವ್ಯಾಸವೆಷ್ಟು, ಉದ್ದವೆಷ್ಟು? ಓಮನ ನಿಯಮ ಒಂದು, ಸ್ಟೆಫಾನನ ನಿಯಮ ಒಂದು, ಘನಮೂಲ ತೆಗೆಯಲು ಕ್ಯಾಲ್ಕುಲೇಟರ್. ಉತ್ತರ ಬರುತ್ತದೆ, ಅಂಕವೂ ಬರುತ್ತದೆ. ಆದರೆ ಆ ಉತ್ತರದ ಪ್ರಕಾರ ತಂತಿ ತಂದು ಸುತ್ತಿ, ಮಣ್ಣಿನ ಕುಡಿಕೆಗಳನ್ನು ಒಳಗಿಟ್ಟು 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಸುಡಲು ಹೊರಟರೆ ಕುಡಿಕೆಗಿಂತ ಮೊದಲು ತಂತಿಯೇ ಸುಟ್ಟುಹೋಗುತ್ತದೆ.

ಹೀಗೇಕೆ ಆಗುತ್ತದೆಂಬುದನ್ನು ಪರಿಶೀಲಿಸಲು ದೊಡ್ಡ ಕಾರ್ಖಾನೆಯ ಕುಲುಮೆ ಬೇಕಿಲ್ಲ. ಇತ್ತೀಚಿನ ವರ್ಷಗಳಲ್ಲಿ ಚಿತ್ರಕಲಾ ಶಿಕ್ಷಕರು, ಹವ್ಯಾಸಿ ಕುಂಬಾರರು, ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವ ವಿದ್ಯಾರ್ಥಿಗಳು ಮನೆಯ 16 ಆಂಪಿಯರ್ ಸಾಕೆಟ್ಟಿನಿಂದಲೇ ನಡೆಯುವ ಪುಟ್ಟ ವಿದ್ಯುತ್ ಆವಿಗೆಯನ್ನು ತಾವೇ ಕಟ್ಟಿಕೊಳ್ಳಲು ಹವಣಿಸುತ್ತಿರುವುದನ್ನು ಕಾಣುತ್ತೇವೆ. (ಪಠ್ಯಗಳಲ್ಲಿ ಇದನ್ನು ಕುಲುಮೆ ಎನ್ನುವುದುಂಟು. ಕುಲುಮೆ ಕಮ್ಮಾರನದು. ಮಡಕೆ ಸುಡುವುದಕ್ಕೆ ಕುಂಬಾರರ ಆವಿಗೆ ಎಂಬ ಒಳ್ಳೆಯ ಮಾತಿರುವಾಗ ಅದನ್ನೇಕೆ ಬಿಡಬೇಕು?) ಇವರಲ್ಲಿ ಹೆಚ್ಚಿನವರು ಮೊದಲು ಸುಡುವುದು ಮಡಕೆಯನ್ನಲ್ಲ, ದುಬಾರಿ ತಂತಿಯನ್ನು. ಕೆಲವರು ಇನ್ನೂ ಹೆಚ್ಚಿನದನ್ನು ಕಳೆದುಕೊಳ್ಳುವ ಅಪಾಯವಿದೆ. ಅದಕ್ಕೆ ಮುಂದೆ ಬರುತ್ತೇನೆ.

ಒಂದು ಉದಾಹರಣೆಯನ್ನು ಇಟ್ಟುಕೊಳ್ಳೋಣ. ಒಳಗಡೆ 25 ಸೆಂ.ಮೀ. ಉದ್ದ, ಅಷ್ಟೇ ಅಗಲ, 30 ಸೆಂ.ಮೀ. ಎತ್ತರ. ಗೋಡೆಗೆ ಹಗುರವಾದ ಉಷ್ಣ ನಿರೋಧಕ ಇಟ್ಟಿಗೆ, ದಪ್ಪ 11.5 ಸೆಂ.ಮೀ. ವಿದ್ಯುತ್ತು 230 ವೋಲ್ಟ್, ಸಾಮರ್ಥ್ಯ 3 ಕಿಲೊವಾಟ್. ಅಂದರೆ ಪ್ರವಾಹ 13 ಆಂಪಿಯರ್, ತಂತಿಯ ರೋಧ 17.6 ಓಮ್.

‘ನೀವೇ ಮಾಡಿ ನೋಡಿ’ ಎಂಬ ಜಾತಿಯ ಪುಸ್ತಿಕೆಗಳು ಬಹುಪಾಲು ಇಲ್ಲಿಗೇ ನಿಲ್ಲುತ್ತವೆ. 17.6 ಓಮ್ ಬರುವಷ್ಟು ನೈಕ್ರೋಮ್ ತಂತಿಯನ್ನು ಕತ್ತರಿಸಿ ಸುತ್ತಿಕೊಳ್ಳಿ ಎನ್ನುತ್ತವೆ. ಯಾವ ತಂತಿ? 26ನೇ ಗೇಜಿನ ತೆಳು ತಂತಿಯಲ್ಲಿ 2.7 ಮೀಟರಿಗೆ ಅಷ್ಟು ರೋಧ ಸಿಗುತ್ತದೆ. 15ನೇ ಗೇಜಿನ ದಪ್ಪ ತಂತಿಯಲ್ಲಾದರೆ 42 ಮೀಟರಿಗೂ ಮಿಕ್ಕಿ ಬೇಕು. ಓಮನ ನಿಯಮದ ದೃಷ್ಟಿಯಿಂದ ಇವೆರಡರಲ್ಲಿ ಭೇದವಿಲ್ಲ. ಎರಡರಲ್ಲೂ ಹುಟ್ಟುವ ಶಾಖ ಸೆಕೆಂಡಿಗೆ 3000 ಜೂಲ್. ಆದರೆ ಹುಟ್ಟಿದ ಶಾಖ ಹೊರಗೆ ಹೋಗಬೇಕಲ್ಲ? ಹೋಗುವ ದಾರಿ ತಂತಿಯ ಮೇಲ್ಮೈ ಒಂದೇ. ತೆಳು ತಂತಿಯ ಒಟ್ಟು ಮೇಲ್ಮೈ 38 ಚದರ ಸೆಂ.ಮೀ., ಅಂದರೆ ಒಂದು ಅಂಚೆ ಕಾರ್ಡಿನ ಅರ್ಧಕ್ಕಿಂತ ಕಡಿಮೆ. ಪ್ರತಿ ಚದರ ಸೆಂ.ಮೀ.ಗೆ 78 ವಾಟ್‌ಗಳನ್ನು ಅದು ಹೊರಚೆಲ್ಲಬೇಕಾಗುತ್ತದೆ. ಆವಿಗೆಯೊಳಗಿರಲಿ, ತೆರೆದ ಗಾಳಿಯಲ್ಲಿ ತೂಗುಹಾಕಿದರೂ ಅಷ್ಟನ್ನು ವಿಕಿರಣದಿಂದ ಕಳೆಯಲು ತಂತಿ 1700 ಡಿಗ್ರಿಗೆ ಏರಬೇಕು. ನೈಕ್ರೋಮ್ ಕರಗುವುದು ಸುಮಾರು 1400 ಡಿಗ್ರಿಯಲ್ಲಿ. ಸ್ವಿಚ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಪ್ರಯೋಗ ಮುಗಿಯುತ್ತದೆ.

ಈ ಚದರ ಸೆಂಟಿಮೀಟರಿಗೆ ಇಷ್ಟು ವಾಟ್ ಎಂಬ ಪರಿಮಾಣಕ್ಕೆ ಮೇಲ್ಮೈ ಹೊರೆ ಎನ್ನೋಣ. ತಂತಿಯ ಆಯುಸ್ಸನ್ನು ನಿರ್ಧರಿಸುವುದು ಇದೇ. ಪುಸ್ತಿಕೆಗಳಲ್ಲಿ ಇದರ ಹೆಸರೂ ಬರುವುದಿಲ್ಲ.

ಪಠ್ಯಪುಸ್ತಕಗಳನ್ನು ಈ ವಿಷಯದಲ್ಲಿ ಮೆಚ್ಚಲೇಬೇಕು. ಅವು ಮೇಲ್ಮೈಯನ್ನು ಮರೆಯುವುದಿಲ್ಲ. ರೋಧಕ್ಕೊಂದು ಸಮೀಕರಣ, ವಿಕಿರಣಕ್ಕೊಂದು ಸಮೀಕರಣ. ವ್ಯಾಸ ಮತ್ತು ಉದ್ದ ಎಂಬ ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು. ಬಿಡಿಸಿದರೆ ವ್ಯಾಸದ ಘನವು ಮೇಲ್ಮೈ ಹೊರೆಗೆ ವಿಲೋಮಾನುಪಾತದಲ್ಲಿದೆ ಎಂಬ ಸೊಗಸಾದ ಫಲಿತಾಂಶ ಬರುತ್ತದೆ. ಸಾಮರ್ಥ್ಯ, ವೋಲ್ಟೇಜ್ ಬದಲಾಗದಿದ್ದರೆ ವ್ಯಾಸವನ್ನು ಎಂಟನೇ ಒಂದು ಭಾಗ ಹೆಚ್ಚಿಸಿದರೆ ಸಾಕು, ಹೊರೆ ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಇಷ್ಟು ಉಪಯುಕ್ತವಾದ ಫಲಿತಾಂಶವನ್ನು ಕೈಯಲ್ಲಿ ಹಿಡಿದುಕೊಂಡೂ ಪಠ್ಯಪುಸ್ತಕ ಎಡವುತ್ತದೆ. ಎಲ್ಲಿ ಎಂಬುದನ್ನು ನೋಡೋಣ.

ಪಠ್ಯದ ಮಾದರಿಯಲ್ಲೇ, ನಮ್ಮ ಆವಿಗೆಗೆ ಹೊಂದುವ ಅಂಕಿಗಳನ್ನಿಟ್ಟು ಲೆಕ್ಕ ಮಾಡುತ್ತೇನೆ. ತಂತಿಯ ಗರಿಷ್ಠ ಉಷ್ಣತೆ 1150 ಡಿಗ್ರಿ. ಸರಕಿನ ಉಷ್ಣತೆ 500 ಡಿಗ್ರಿ. ಉತ್ಸರ್ಜಕತೆ 0.9. ವಿಕಿರಣ ದಕ್ಷತೆ ಎಂದು ಕರೆಯುವ ಅಂಕಿ 0.6. ನೈಕ್ರೋಮಿನ ವಿಶಿಷ್ಟ ರೋಧ ಮೀಟರಿನ ಲೆಕ್ಕದಲ್ಲಿ ಓಮಿನ ಹತ್ತು ಲಕ್ಷದಲ್ಲಿ 1.09 ಭಾಗ. ಕೆಲ್ವಿನ್‌ಗೆ ಬದಲಿಸಿ ನಾಲ್ಕನೆಯ ಘಾತಗಳ ವ್ಯತ್ಯಾಸ ತೆಗೆದರೆ ಮೇಲ್ಮೈ ಹೊರೆ ಚ.ಸೆಂ.ಮೀ.ಗೆ 11.5 ವಾಟ್ ಆಗುತ್ತದೆ. ಅದರಿಂದ ವ್ಯಾಸ 0.87 ಮಿ.ಮೀ., ಉದ್ದ 9.6 ಮೀ. ತಾಳೆ ನೋಡಿದರೆ ರೋಧ ಸರಿಯಾಗಿ 17.6 ಓಮ್. ಪರೀಕ್ಷಕ ಇದಕ್ಕೆ ಅಂಕ ಕೊಡದೆ ಬೇರೆ ದಾರಿಯಿಲ್ಲ.

ಈಗ ಆವಿಗೆ ಕಾಯುತ್ತಾ ಹೋಗಲಿ. 500 ಡಿಗ್ರಿ ಎಂಬುದು ಸರಕಿನ ಉಷ್ಣತೆಯಲ್ಲಿ ಒಂದು ಹಾದುಹೋಗುವ ಗಳಿಗೆ. ಸಾಧಾರಣ ಮಣ್ಣಿನ ಪಾತ್ರೆ ಗಟ್ಟಿಯಾಗಿ ಬೇಯಲು 900ರಿಂದ 1000 ಡಿಗ್ರಿ ಬೇಕು. ಒಳಗಿನ ಗೋಡೆ, ಸರಕು ಎಲ್ಲ 1000 ಡಿಗ್ರಿ ತಲುಪಿದಾಗಲೂ ಅದೇ ತಂತಿ ಅದೇ 11.5 ವಾಟ್‌ಗಳನ್ನು ಹೊರಚೆಲ್ಲಬೇಕು. ಎದುರಿಗಿರುವುದು ಈಗ ತಣ್ಣನೆಯ ಸರಕಲ್ಲ, ತನ್ನತ್ತ ತಾನೇ ವಿಕಿರಣ ಸೂಸುತ್ತಿರುವ ಕೆಂಡದಂಥ ಗೋಡೆ. ಅದೇ ಸಮೀಕರಣಕ್ಕೆ 500ರ ಬದಲು 1000 ಹಾಕಿ ತಂತಿಯ ಉಷ್ಣತೆ ಕಂಡುಹಿಡಿಯಿರಿ: 1316 ಡಿಗ್ರಿ! ನಿಕ್ಕಲ್ 80, ಕ್ರೋಮಿಯಂ 20 ಪಾಲಿನ ನೈಕ್ರೋಮಿಗೆ ಕೊಡುವ ಗರಿಷ್ಠ ಮಿತಿ 1200 ಡಿಗ್ರಿ. ‘1150 ಮೀರಕೂಡದು’ ಎಂದು ಹೇಳಿಯೇ ಲೆಕ್ಕ ಶುರುಮಾಡಿದ್ದೆವು. ಸಮೀಕರಣದ ತಪ್ಪಲ್ಲ ಇದು. ಅದಕ್ಕೆ ನಾವು ಕೊಟ್ಟ ಗಳಿಗೆ ತಪ್ಪು.

ಒಬ್ಬ ವಿದ್ಯಾರ್ಥಿಗೆ ಇದನ್ನು ತೋರಿಸಿದಾಗ ಅವನು ಕೇಳಿದ ಪ್ರಶ್ನೆ ಚೆನ್ನಾಗಿತ್ತು: “ಸರ್, ಮೇಲಿನ ಉಷ್ಣತೆಯಲ್ಲಿ ಪೂರ್ತಿ 3 ಕಿಲೊವಾಟ್ ಬೇಕಾಗುವುದಿಲ್ಲವಲ್ಲ, ನಿಯಂತ್ರಕ ಆಗಾಗ ಆಫ್ ಮಾಡುತ್ತಿರುತ್ತದೆ, ಸರಾಸರಿ ಕಡಿಮೆಯೇ ಅಲ್ಲವೇ?” ಸರಾಸರಿ ಕಡಿಮೆ, ನಿಜ. ಆದರೆ ತಂತಿ ಸರಾಸರಿಯಲ್ಲಿ ಬದುಕುವುದಿಲ್ಲ. 0.87 ಮಿ.ಮೀ.ನ 9.6 ಮೀಟರ್ ತಂತಿಯ ಒಟ್ಟು ತೂಕ ಬರೀ 47 ಗ್ರಾಂ. ಆ 47 ಗ್ರಾಂ ಲೋಹಕ್ಕೆ 3 ಕಿಲೊವಾಟ್ ಕೊಟ್ಟರೆ ಶಾಖ ಹೊರಹೋಗದಿದ್ದ ಪಕ್ಷಕ್ಕೆ ಸೆಕೆಂಡಿಗೆ ನೂರು ಡಿಗ್ರಿಯಂತೆ ಏರುತ್ತದೆ. ಹೊರಹೋಗುವ ಶಾಖವನ್ನು ಲೆಕ್ಕಕ್ಕೆ ಹಿಡಿದರೂ ಸುಮಾರು ಹತ್ತು ಸೆಕೆಂಡಿನಲ್ಲಿ ತನ್ನ ಅಂತಿಮ ಉಷ್ಣತೆಯ ಹತ್ತಿರ ಬಂದಿರುತ್ತದೆ. ನಿಯಂತ್ರಕ ಅರ್ಧ ನಿಮಿಷ ಆನ್, ಅರ್ಧ ನಿಮಿಷ ಆಫ್ ಆಗುತ್ತಿದ್ದರೆ ತಂತಿ ಪ್ರತಿಸಲವೂ 1300 ಮುಟ್ಟಿ ಮತ್ತೆ ಇಳಿಯುತ್ತದೆ. ಹೀಗೆ ಏರಿ ಇಳಿಯುವುದರಿಂದ ಮೇಲಿನ ಆಕ್ಸೈಡ್ ಪದರ ಬಿರಿಯುತ್ತದೆ. ಸರಾಸರಿ ತಂಪಾಗಿದ್ದರೂ ತಂತಿಯ ಆಯುಸ್ಸು ಕಡಿಮೆಯಾಗುತ್ತದೆ.

ಪಠ್ಯದ ಲೆಕ್ಕಕ್ಕೆ ಒಂದೇ ಒಂದು ತಿದ್ದುಪಡಿ ಮಾಡಿ ನೋಡೋಣ. ಸರಕು 1000 ಡಿಗ್ರಿಯಲ್ಲಿರುವಾಗ ತಂತಿ 1100 ಮೀರಕೂಡದು ಎನ್ನೋಣ. ಮಿಕ್ಕ ಅಂಕಿಗಳೆಲ್ಲ ಹಿಂದಿನವೇ. ಮೇಲ್ಮೈ ಹೊರೆ 11.5ರಿಂದ 2.8 ವಾಟ್‌ಗೆ ಇಳಿಯುತ್ತದೆ. ವ್ಯಾಸ 1.38 ಮಿ.ಮೀ., ಉದ್ದ 24.3 ಮೀ., ತೂಕ 300 ಗ್ರಾಂ. ಹಿಂದಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು ಲೋಹ! ತಂತಿಯನ್ನು ತೂಕದ ಮೇಲೆ ಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಅಗ್ಗದ ತಂತಿ ಹಾಕಿ ತಿಂಗಳಿಗೊಮ್ಮೆ ಬದಲಿಸುವುದು ಅದಕ್ಕಿಂತ ದುಬಾರಿ.

ಈ ಲೆಕ್ಕದಲ್ಲಿ ನನಗೆ ಇನ್ನೊಂದು ಆಕ್ಷೇಪಣೆಯಿದೆ. ‘ವಿಕಿರಣ ದಕ್ಷತೆ 0.6’ ಎಂದು ಸುಮ್ಮನೆ ಕೊಟ್ಟುಬಿಡುತ್ತಾರೆ. ವಿಶಿಷ್ಟ ರೋಧದ ಪಕ್ಕದಲ್ಲೇ ಅದೂ ಇರುವುದರಿಂದ ಅದೂ ನೈಕ್ರೋಮಿನ ಒಂದು ಗುಣವೆಂದು ಹುಡುಗರು ತಿಳಿಯುತ್ತಾರೆ. ಅದು ಲೋಹದ ಗುಣವಲ್ಲ, ಜೋಡಣೆಯ ಗುಣ. ಸುರುಳಿಯಲ್ಲಿ ಒಂದು ಸುತ್ತು ಪಕ್ಕದ ಸುತ್ತನ್ನು ನೋಡುತ್ತಿರುತ್ತದೆ. ಅದರತ್ತ ಸೂಸಿದ ಶಾಖ ಹಾಗೆಯೇ ಹಿಂದಿರುಗುತ್ತದೆ. ಸುರುಳಿಯ ಒಳಮೈ ತನ್ನನ್ನೇ ನೋಡುತ್ತದೆ. ಇಟ್ಟಿಗೆಯ ಗಾಡಿಯೊಳಗೆ ಕುಳಿತ ತಂತಿಯ ಹಿಂಭಾಗ ಗೋಡೆಯನ್ನು ನೋಡುತ್ತದೆ. ಸುತ್ತುಗಳನ್ನು ಒತ್ತೊತ್ತಾಗಿ ಇಟ್ಟರೆ 0.6 ಎಂಬುದು 0.4 ಆದೀತು, ಬಿಡಿಯಾಗಿ ಎಳೆದರೆ ಹೆಚ್ಚೀತು. ಅಂದರೆ ಸುರುಳಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಕೈಕೆಲಸದ ಪ್ರಶ್ನೆಯೆಲ್ಲ ಆ ಒಂದು ಅಂಕಿಯಲ್ಲಿ ಅಡಗಿದೆ. ಅದನ್ನು ಕೊಟ್ಟ ದತ್ತಾಂಶವೆಂದು ಬರೆದಾಗ ವಿನ್ಯಾಸಕಾರ ಮಾಡಬೇಕಾದ ಆಯ್ಕೆಯನ್ನು ಪ್ರಶ್ನೆಪತ್ರಿಕೆಯೇ ಮಾಡಿಬಿಟ್ಟಂತಾಯಿತು. (ಕೆಲವು ಪುಸ್ತಕಗಳಲ್ಲಿ ಸ್ಟೆಫಾನ್ ಸ್ಥಿರಾಂಕ 5.67ರ ಬದಲು 5.72 ಎಂದಿರುವುದನ್ನೂ ಕಂಡಿದ್ದೇನೆ. ವ್ಯತ್ಯಾಸ ನೂರಕ್ಕೆ ಒಂದರಷ್ಟೇ, ತಂತಿಗೆ ಅದರಿಂದ ನೋವಿಲ್ಲ. ಆದರೆ ಮುದ್ರಣದಿಂದ ಮುದ್ರಣಕ್ಕೆ ಯಾರೂ ತಿರುಗಿ ನೋಡಿಲ್ಲವೆಂಬುದಕ್ಕೆ ಸಾಕ್ಷಿ.)

ಇದಕ್ಕೆ ಪ್ರತಿಯಾಗಿ ತಂತಿ ತಯಾರಕರು ಏನು ಮಾಡುತ್ತಾರೆ? ಅವರ ಕೈಪಿಡಿಗಳು ಲೆಕ್ಕವನ್ನು ತಿರುವುಮುರುವಾಗಿ ಆರಂಭಿಸುತ್ತವೆ. ಆವಿಗೆಯ ಅತಿ ಹೆಚ್ಚಿನ ಉಷ್ಣತೆ ಎಷ್ಟು ಎಂಬುದು ಮೊದಲ ಪ್ರಶ್ನೆ. ಅದಕ್ಕೆ ತಕ್ಕ ಮೇಲ್ಮೈ ಹೊರೆಯನ್ನು ಪಟ್ಟಿಯಿಂದ ಆರಿಸಿ, ಆಮೇಲೆ ವ್ಯಾಸ, ಆಮೇಲೆ ಉದ್ದ. ಉಷ್ಣತೆ ಏರಿದಷ್ಟೂ ಶಿಫಾರಸು ಮಾಡುವ ಹೊರೆ ಇಳಿಯುತ್ತದೆ. ಗಾಡಿಯಲ್ಲಿ ಕೂರಿಸಿದ ಸುರುಳಿಯ ಸಣ್ಣ ಆವಿಗೆಗೆ ಚ.ಸೆಂ.ಮೀ.ಗೆ ಒಂದೂವರೆಯಿಂದ ಎರಡು ವಾಟ್ ಇಟ್ಟುಕೊಂಡರೆ ಕ್ಷೇಮ. ನಾವು ತಿದ್ದಿದ ಲೆಕ್ಕದ 2.8ಕ್ಕಿಂತಲೂ ಇದು ಕಡಿಮೆಯೇಕೆ? ಲೆಕ್ಕದಲ್ಲಿ ತಂತಿಯ ಉದ್ದಕ್ಕೂ ಉಷ್ಣತೆ ಒಂದೇ. ವಾಸ್ತವದಲ್ಲಿ ಎರಡು ಸುತ್ತು ಹತ್ತಿರವಾದ ಕಡೆ, ಇಟ್ಟಿಗೆಯ ಚೂರು ಬಿದ್ದ ಕಡೆ ಹತ್ತಾರು ಡಿಗ್ರಿ ಹೆಚ್ಚು. ತಂತಿ ಕೈಕೊಡುವುದು ಅಲ್ಲೇ. ಆದ್ದರಿಂದ ಪಟ್ಟಿಗಳು ಅನುಭವದಿಂದ ಬಂದ ಎಚ್ಚರಿಕೆಯನ್ನು ಒಳಗೊಂಡಿರುತ್ತವೆ. ಅವುಗಳ ದೋಷವೆಂದರೆ ಕಾರಣ ಹೇಳದಿರುವುದು. ಪಠ್ಯಪುಸ್ತಕದಲ್ಲಿ ಕಾರಣವಿದೆ, ಅಂಕಿ ತಪ್ಪು. ಕೈಪಿಡಿಯಲ್ಲಿ ಅಂಕಿ ಸರಿ, ಕಾರಣವಿಲ್ಲ. ನಮ್ಮ ವಿದ್ಯಾರ್ಥಿಗಳು ಮೊದಲನೆಯದನ್ನು ಮಾತ್ರ ಓದುತ್ತಾರೆ.

ತಂತಿಯ ಲೋಹದ ಬಗ್ಗೆಯೂ ಎರಡು ಮಾತು ಹೇಳಬೇಕು. ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹಕ್ಕೆ ಪೇಟೆಂಟ್ ಪಡೆದದ್ದು 1906ರಲ್ಲಿ. ಸ್ವೀಡನ್ನಿನ ಹಾನ್ಸ್ ಫಾನ್ ಕಾಂಟ್ಸೊ 1920ರ ದಶಕದಲ್ಲಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಇನ್ನೊಂದು ಮಿಶ್ರಲೋಹವನ್ನು ರೂಪಿಸಿದ. ಅವನ ಹೆಸರಿನಿಂದಲೇ ಅದು ಕಾಂತಾಲ್ ಆಯಿತು. ನಮ್ಮ ಪಠ್ಯಗಳು ನೂರು ವರ್ಷ ಹಿಂದಿನ ಮೊದಲನೆಯದನ್ನು ಬಿಟ್ಟು ಮುಂದೆ ಬರುವುದು ಅಪರೂಪ. ಒಂದು ಅನುವಾದಿತ ಪುಸ್ತಕದಲ್ಲಂತೂ ‘ಹೀಟಿಂಗ್ ಎಲಿಮೆಂಟ್’ ಎಂಬುದನ್ನು ‘ತಾಪನ ಧಾತು’ ಎಂದು ಬರೆದದ್ದನ್ನು ಓದಿದ್ದೇನೆ. ಮಿಶ್ರಲೋಹವೊಂದು ಧಾತುವಾದದ್ದು ಹೀಗೆ! ಅಂಗಡಿಯಲ್ಲಿ ಕಾಯಿಲ್ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಅದೇ ಸಾಕು.

ಎರಡೂ ಲೋಹಗಳು ಬದುಕುವುದು ತಮ್ಮ ಮೇಲೆ ತಾವೇ ಬೆಳೆಸಿಕೊಳ್ಳುವ ಆಕ್ಸೈಡ್ ಪದರದಿಂದ. ನೈಕ್ರೋಮಿಗೆ ಕ್ರೋಮಿಯಂ ಆಕ್ಸೈಡ್, ಕಾಂತಾಲಿಗೆ ಅಲ್ಯೂಮಿನಾ. ಅಲ್ಯೂಮಿನಾ ಹೆಚ್ಚು ಬಿಗಿಯಾದ ಪದರ. ಅದರಿಂದಲೇ ಕಾಂತಾಲ್ ಎ-1 ತಂತಿಯನ್ನು 1400 ಡಿಗ್ರಿಯವರೆಗೂ ಒಯ್ಯಬಹುದು. ಪದರ ಬಿರಿದಾಗಲೆಲ್ಲ ಒಳಗಿನ ಅಲ್ಯೂಮಿನಿಯಂ ಮೇಲೆ ಬಂದು ಬಿರುಕನ್ನು ಮುಚ್ಚುತ್ತದೆ. ದಪ್ಪ ತಂತಿಯಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲ್ಮೈಯ ಹಿಂದೆ ದಾಸ್ತಾನಿರುವ ಅಲ್ಯೂಮಿನಿಯಂ ಹೆಚ್ಚು. ತೆಳು ತಂತಿಯಲ್ಲಿ ದಾಸ್ತಾನು ಬೇಗ ಬರಿದಾಗುತ್ತದೆ. ದಪ್ಪ ತಂತಿ ಆರಿಸಲು ಮೇಲ್ಮೈ ಹೊರೆಯ ಹೊರತಾಗಿ ಇದು ಎರಡನೆಯ ಕಾರಣ. ಆದರೆ ಕಾಂತಾಲ್ ಎಲ್ಲದರಲ್ಲೂ ಮೇಲು ಎಂದೇನಲ್ಲ. ಒಮ್ಮೆ ಚೆನ್ನಾಗಿ ಕಾದ ಮೇಲೆ ಅದರ ಹರಳುಗಳು ದೊಡ್ಡದಾಗಿ, ತಣ್ಣಗಿರುವಾಗ ಬಗ್ಗಿಸಿದರೆ ಬಳಪದ ಕಡ್ಡಿಯಂತೆ ಮುರಿಯುತ್ತದೆ. ಬಿಸಿಯಲ್ಲಿ ಮೆತ್ತಗಾಗಿ ಜೋಲುತ್ತದೆ. ನೈಕ್ರೋಮ್ ಎಷ್ಟು ಸಲ ಕಾದರೂ ಬಗ್ಗುತ್ತದೆ, ಬಿಸಿಯಲ್ಲೂ ಬಲವಾಗಿರುತ್ತದೆ. 950 ಡಿಗ್ರಿಯ ಮಣ್ಣಿನ ಕೆಲಸಕ್ಕೆ, ಹೊರೆ ಕಡಿಮೆ ಇಟ್ಟುಕೊಂಡರೆ, ನಾನು ನೈಕ್ರೋಮನ್ನೇ ಮೆಚ್ಚುತ್ತೇನೆ. 1200 ಡಿಗ್ರಿಯ ಕಲ್ಮಣ್ಣಿನ ಪಾತ್ರೆಗೆ ಅದು ಆಗದು.

ಎರಡರ ರೋಧವೂ ಕಾದಾಗ ಹೆಚ್ಚು ಏರುವುದಿಲ್ಲವೆಂಬುದು ಇನ್ನೊಂದು ಅನುಕೂಲ. ಬಲ್ಬಿನ ಟಂಗ್‌ಸ್ಟನ್ ತಂತಿಯ ರೋಧ ಉರಿಯುವಾಗ ಹತ್ತು ಪಟ್ಟಿಗೂ ಹೆಚ್ಚಾದರೆ ಕಾಂತಾಲ್ ಎ-1ರದು 1000 ಡಿಗ್ರಿಯಲ್ಲಿ ನೂರಕ್ಕೆ ನಾಲ್ಕರಷ್ಟೇ ಹೆಚ್ಚು. ಶುದ್ಧ ಲೋಹದಲ್ಲಿ ಇಲೆಕ್ಟ್ರಾನುಗಳನ್ನು ಚದರಿಸುವುದು ಮುಖ್ಯವಾಗಿ ಪರಮಾಣುಗಳ ಕಂಪನ. ಅದು ಉಷ್ಣತೆಯೊಂದಿಗೆ ಏರುತ್ತದೆ. ಮಿಶ್ರಲೋಹದಲ್ಲಿ ಬೇರೆ ಬೇರೆ ಪರಮಾಣುಗಳ ಅಸ್ತವ್ಯಸ್ತ ಜೋಡಣೆಯೇ ಆ ಕೆಲಸವನ್ನು ಮಾಡಿಬಿಟ್ಟಿರುತ್ತದೆ. ಅದಕ್ಕೆ ಉಷ್ಣತೆಯ ಹಂಗಿಲ್ಲ. ಪದವಿ ತರಗತಿಯಲ್ಲಿ ಮತ್ತೀಸನನ ನಿಯಮವೆಂದು ಕಲಿಸುವುದು ಇದನ್ನೇ. ಅದನ್ನು ಆವಿಗೆಯ ತಂತಿಯಲ್ಲಿ ತೋರಿಸುವ ಅಧ್ಯಾಪಕರು ಎಷ್ಟು ಮಂದಿಯೋ!

ಕಾಂತಾಲ್ ಎ-1 ಬಳಸಿ ನಮ್ಮ ಆವಿಗೆಯ ಲೆಕ್ಕ ಪೂರೈಸೋಣ. ಬಿಸಿಯಲ್ಲಿ 17.6 ಓಮ್ ಬೇಕೆಂದರೆ ತಣ್ಣಗಿರುವಾಗ ಸುಮಾರು 17 ಓಮ್ ಇರಬೇಕು. ವಿಶಿಷ್ಟ ರೋಧ 1.45. 16ನೇ ಗೇಜಿನ (1.63 ಮಿ.ಮೀ.) ತಂತಿಯಾದರೆ 24 ಮೀಟರ್, ಮೇಲ್ಮೈ ಹೊರೆ 2.4. ಒಂದು ಗೇಜು ದಪ್ಪವಾಗಿ 15ನೆಯದನ್ನು (1.83 ಮಿ.ಮೀ.) ತೆಗೆದುಕೊಂಡರೆ 30.7 ಮೀಟರ್, ಹೊರೆ 1.7, ತೂಕ 570 ಗ್ರಾಂ. ಎರಡನೆಯದೇ ಆಗಲಿ. ಉತ್ಸರ್ಜಕತೆ 0.7 ಎಂದು ಹಿಡಿದು ಮತ್ತೆ ಅದೇ ಸ್ಟೆಫಾನ್ ಸಮೀಕರಣದಲ್ಲಿ ನೋಡಿದರೆ ಆವಿಗೆ 500 ಡಿಗ್ರಿಯಲ್ಲಿರುವಾಗ ತಂತಿ ಅದಕ್ಕಿಂತ 240 ಡಿಗ್ರಿ ಹೆಚ್ಚು ಬಿಸಿ. 1000 ಡಿಗ್ರಿಯಲ್ಲಿ 80 ಡಿಗ್ರಿ ಹೆಚ್ಚು. 1200ರಲ್ಲಿ ಬರೀ 53 ಡಿಗ್ರಿ ಹೆಚ್ಚು. ನಾಲ್ಕನೆಯ ಘಾತದ ಮಹಿಮೆ ಇದು. ಉಷ್ಣತೆ ಏರಿದಂತೆ ತಂತಿಗೂ ಗೋಡೆಗೂ ಇರುವ ಅಂತರ ಕುಗ್ಗುತ್ತದೆ. ಆದರೂ ತಂತಿಯ ಉಷ್ಣತೆ ಏರುತ್ತಲೇ ಇರುತ್ತದೆ. ಅತಿ ಕಠಿಣ ಗಳಿಗೆ ಯಾವಾಗಲೂ ಕೊನೆಯದೇ.

8 ಮಿ.ಮೀ. ಸರಳಿನ ಮೇಲೆ ಒತ್ತಾಗಿ ಸುತ್ತಿದರೆ ಸುಮಾರು 990 ಸುತ್ತು, ಸುರುಳಿಯ ಉದ್ದ 1.8 ಮೀಟರ್. ಅದನ್ನು 4 ಮೀಟರಿಗೆ ಎಳೆದರೆ ಸುತ್ತಿಗೂ ಸುತ್ತಿಗೂ ನಡುವೆ ತಂತಿಯ ದಪ್ಪಕ್ಕಿಂತ ಸ್ವಲ್ಪ ಹೆಚ್ಚು ಅಂತರ ಬರುತ್ತದೆ. ಒಳಗಿನ ಸುತ್ತಳತೆ 1 ಮೀಟರ್. ನಾಲ್ಕು ಗಾಡಿ ಕೊರೆದರೆ ಸರಿಹೋಯಿತು. ಎಳೆಯುವುದು, ಮೂಲೆಗಳಲ್ಲಿ ಬಗ್ಗಿಸುವುದು ಎಲ್ಲವನ್ನೂ ಮೊದಲ ಸಲ ಕಾಯಿಸುವ ಮುನ್ನವೇ ಮುಗಿಸಬೇಕು. ಗೋಡೆಯಿಂದ ಹೊರಬರುವ ತುದಿಯಲ್ಲಿ ಅದೇ ತಂತಿಯ ಇನ್ನೊಂದು ತುಂಡನ್ನು ಜೊತೆಗೆ ಹುರಿಮಾಡಿ ದಪ್ಪ ಹೆಚ್ಚಿಸಬೇಕು. ಇಲ್ಲವಾದರೆ ಇಟ್ಟಿಗೆಯೊಳಗೆ ಹುದುಗಿದ, ವಿಕಿರಣಕ್ಕೆ ದಾರಿಯೇ ಇಲ್ಲದ ಆ ಹತ್ತು ಸೆಂಟಿಮೀಟರ್ ಮೊದಲು ಸುಡುತ್ತದೆ.

ಇನ್ನು ಪಠ್ಯದ ಲೆಕ್ಕಗಳು ಕಾಣದಂತೆ ನಟಿಸುವ ಒಂದು ಸಂಗತಿ: 230 ವೋಲ್ಟ್. ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ಪಂಪ್‌ಸೆಟ್ಟುಗಳೆಲ್ಲ ನಡೆಯುವಾಗ 190 ವೋಲ್ಟ್ ಬಂದರೆ ಅದೇ ಪುಣ್ಯ. ಸಾಮರ್ಥ್ಯ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 3 ಕಿಲೊವಾಟ್ ಎಂಬುದು 2.05 ಕಿಲೊವಾಟ್ ಆಗುತ್ತದೆ. ಗೋಡೆಯಿಂದ ಸೋರುವುದೆಷ್ಟು? ಇಟ್ಟಿಗೆಯ ಉಷ್ಣವಾಹಕತೆ 0.3 ಎಂದು ಹಿಡಿದರೆ, ಗೋಡೆ ಪೂರ್ತಿ ಕಾದು ಒಳಗೆ 1000 ಡಿಗ್ರಿ ಇರುವಾಗ ಸುಮಾರು 1.9 ಕಿಲೊವಾಟ್. ಉಳಿದ 150 ವಾಟ್‌ಗಳಲ್ಲಿ ಸರಕು ಮೇಲೇರಬೇಕು. ಏರುವುದಿಲ್ಲವೆಂದೇ ಹೇಳಬೇಕು, 950ರ ಸುಮಾರಿಗೆ ಮುಳ್ಳು ನಿಂತುಬಿಡುತ್ತದೆ. ಆಗ ಜನ ತಂತಿಯನ್ನು ಬೈಯುತ್ತಾರೆ, ಒಂದಷ್ಟು ಸುತ್ತು ಕತ್ತರಿಸಿ ರೋಧ ಕಡಿಮೆ ಮಾಡುತ್ತಾರೆ. ರಾತ್ರಿ ಹನ್ನೊಂದಕ್ಕೆ ವೋಲ್ಟೇಜ್ 240ಕ್ಕೆ ಏರಿದಾಗ ಕತ್ತರಿಸಿದ ತಂತಿಯ ಮೇಲ್ಮೈ ಹೊರೆ ಎರಡು ಕಾರಣಗಳಿಂದ ಒಟ್ಟಿಗೇ ಏರುತ್ತದೆ. 16 ಆಂಪಿಯರಿನ ಸಾಕೆಟ್ಟೂ ಕರಗತೊಡಗುತ್ತದೆ. ಇದಕ್ಕೆ ಪರಿಹಾರ ತಂತಿಯಲ್ಲಿಲ್ಲ, ಗೋಡೆಯಲ್ಲಿದೆ. ಹಾಗೆಂದು ದಪ್ಪ ಇಮ್ಮಡಿ ಮಾಡಿದರೆ ನಷ್ಟ ಅರ್ಧವಾಗುತ್ತದೆಂದು ಎಣಿಸಬೇಡಿ. ಇಷ್ಟು ಪುಟ್ಟ ಆವಿಗೆಯಲ್ಲಿ ಗೋಡೆ ದಪ್ಪವಾದಂತೆ ಹೊರಮೈಯೂ ಹಿಗ್ಗುತ್ತದೆ. 23 ಸೆಂ.ಮೀ. ಗೋಡೆಗೆ ನಷ್ಟ 1.4 ಕಿಲೊವಾಟ್ ಬರುತ್ತದೆ. ಅಷ್ಟಾದರೂ 190 ವೋಲ್ಟಿನಲ್ಲಿ ಕೆಲಸ ಮುಗಿಯುತ್ತದೆ.

ಅಪಾಯದ ಮಾತಿಗೆ ಬರುತ್ತೇನೆ. ಮೇಲೆ ಹೇಳಿದ ಪುಸ್ತಿಕೆಗಳ ವಿಷಯದಲ್ಲಿ ನನ್ನ ನಿಜವಾದ ಸಿಟ್ಟು ಇಲ್ಲಿದೆ. ಆವಿಗೆಯ ತಂತಿ ಮನೆಯ ಇಸ್ತ್ರಿಪೆಟ್ಟಿಗೆಯ ತಂತಿಯಂತೆ ಮುಚ್ಚಿಕೊಂಡಿಲ್ಲ. ಅದು 230 ವೋಲ್ಟಿನ ಬೆತ್ತಲೆ ತಂತಿ. ಒಳಗೆ ಇಣುಕಿ ಕಬ್ಬಿಣದ ಇಕ್ಕಳದಲ್ಲಿ ಪಾತ್ರೆ ಸರಿಪಡಿಸಲು ಹೋದವನ ಕೈ ಅದಕ್ಕೆ ತಗಲುವುದು ಎಷ್ಟು ಹೊತ್ತಿನ ಮಾತು? ಒಂದೇ ತಂತಿಯನ್ನು ಕಡಿಯುವ ಸಾಧಾರಣ ಸ್ವಿಚ್ಚನ್ನು ತಪ್ಪಿ ನ್ಯೂಟ್ರಲಿಗೆ ಹಾಕಿದ್ದರೆ ಆಫ್ ಮಾಡಿದ ಮೇಲೂ ಸುರುಳಿಯಿಡೀ ಜೀವಂತ. ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವ ಸ್ವಿಚ್, ಬಾಗಿಲು ತೆರೆದೊಡನೆ ವಿದ್ಯುತ್ ಕಡಿಯುವ ಏರ್ಪಾಡು, ಹೊರಗಿನ ತಗಡಿಗೆ ಗಟ್ಟಿಯಾದ ಅರ್ಥಿಂಗ್, 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಇವು ನಾಲ್ಕೂ ಇಲ್ಲದ ಆವಿಗೆಗೆ ವಸ್ತುಪ್ರದರ್ಶನದಲ್ಲಿ ಪ್ರವೇಶವನ್ನೇ ಕೊಡಬಾರದು. ಇಟ್ಟಿಗೆ ವಿದ್ಯುನ್ನಿರೋಧಕವೆಂದು ನಂಬಿಕೊಂಡು ಅರ್ಥಿಂಗ್ ಬಿಡುವವರಿದ್ದಾರೆ. ತಣ್ಣಗಿರುವಾಗ ಅದು ನಿರೋಧಕ. ಕೆಂಪಗೆ ಕಾದಾಗ ಅದರ ರೋಧ ಬಹಳ ಇಳಿದು ಪ್ರವಾಹ ಸೋರತೊಡಗುತ್ತದೆ. ಇನ್ನು ಹಳೆಯ ಪುಸ್ತಿಕೆಗಳಲ್ಲಿ ‘ತಂತಿಯ ಹಿಂದೆ ಆಸ್‌ಬೆಸ್ಟಾಸ್ ಹಾಳೆ ಇಡಿ’ ಎಂಬ ಸಲಹೆ ಈಗಲೂ ಮರುಮುದ್ರಣವಾಗುತ್ತಿರುವುದು ಅಕ್ಷಮ್ಯ. ಅದರ ಎಳೆಗಳು ಶ್ವಾಸಕೋಶಕ್ಕೆ ಇಳಿದರೆ ದಶಕಗಳ ಬಳಿಕ ಕ್ಯಾನ್ಸರಾಗಿ ಹೊರಬರುತ್ತವೆ. ಸಾಲದ್ದಕ್ಕೆ, 600-700 ಡಿಗ್ರಿ ದಾಟಿದರೆ ಬಿಳಿ ಆಸ್‌ಬೆಸ್ಟಾಸ್ ರಚನೆಯಲ್ಲಿರುವ ನೀರನ್ನು ಕಳೆದುಕೊಂಡು ಪುಡಿಯಾಗುತ್ತದೆ. ಅಂದರೆ ಆವಿಗೆಗೆ ಅದು ಪ್ರಯೋಜನಕ್ಕೂ ಬಾರದು.

ಪಠ್ಯಪುಸ್ತಕದ ಲೆಕ್ಕವನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಪ್ರಶ್ನೆಯನ್ನು ಬದಲಿಸಿದರೆ ಸಾಕು. ಮುಂದಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ತಯಾರಿಸುವವರು ಹೀಗೆ ಕೇಳಬಹುದು: ‘230 ವೋಲ್ಟ್, 3 ಕಿಲೊವಾಟಿನ ಆವಿಗೆಯೊಂದರಲ್ಲಿ ಸರಕನ್ನು 1000 ಡಿಗ್ರಿ ಸೆಲ್ಸಿಯಸ್‌ಗೆ ಸುಡಬೇಕಾಗಿದೆ. ಸುಡುವಿಕೆಯ ಯಾವ ಹಂತದಲ್ಲೂ ನೈಕ್ರೋಮ್ ತಂತಿಯ ಉಷ್ಣತೆ 1100 ಡಿಗ್ರಿ ಮೀರಕೂಡದು. (ಅ) ವಿನ್ಯಾಸಕ್ಕೆ ಯಾವ ಹಂತವನ್ನು ಆರಿಸುವಿರಿ, ಏಕೆ? (ಆ) ತಂತಿಯ ವ್ಯಾಸ, ಉದ್ದ ಮತ್ತು ಮೇಲ್ಮೈ ಹೊರೆ ಎಷ್ಟು? (ಇ) ವಿಕಿರಣ ದಕ್ಷತೆಗೆ ನೀವು ಹಿಡಿದ ಬೆಲೆಯನ್ನು ಸುರುಳಿಯ ಚಿತ್ರ ಬರೆದು ಸಮರ್ಥಿಸಿ. (ಈ) ಗೋಡೆಯ ಮೂಲಕ ಆಗುವ ನಷ್ಟ 1.9 ಕಿಲೊವಾಟ್ ಎಂದಿಟ್ಟುಕೊಂಡರೆ, ವೋಲ್ಟೇಜ್ ಎಷ್ಟಕ್ಕಿಂತ ಕೆಳಗಿಳಿದಾಗ ಆವಿಗೆ 1000 ಡಿಗ್ರಿಯನ್ನು ತಲುಪಲಾರದು?’